ಬೈಕಿನ ಮೇಲೆ ಬಿಳಿ ಗಡ್ಡ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿಬಂದ ನಮ್ಮ ಕಡೆಯವರು ತಪ್ಪದೆ ಹೇಳುವ ಒಂದು ಕಥೆಯಿದೆ. ಭಾನುವಾರದ ಹೆದ್ದಾರಿ, ಗುಡುಗುಡು ಸದ್ದು, ಚರ್ಮದ ಜಾಕೀಟು, ಸಾಲುಸಾಲು ಹಾರ್ಲೆ ಬೈಕು. ಪೆಟ್ರೋಲ್ ಬಂಕಿನಲ್ಲಿ ನಿಂತು ಹೆಲ್ಮೆಟ್ ತೆಗೆದರೆ ಎಲ್ಲರೂ ಬಿಳಿ ಗಡ್ಡದ ತಾತಂದಿರು! ಕಂಡದ್ದು ನಿಜ. ಅದಕ್ಕೆ ಜನ ಕೊಡುವ ಕಾರಣಗಳಲ್ಲಿ ಮಾತ್ರ ಹುರುಳು ಕಡಿಮೆ.

“ಈಗಿನ ಹುಡುಗರಿಗೆ ಎದೆಗಾರಿಕೆ ಇಲ್ಲ, ಫೋನ್ ಹಿಡಿದು ಕೂರುತ್ತಾರೆ.” ಅಲ್ಲಿನ ಹಳೆಯ ಸವಾರರ ನೆಚ್ಚಿನ ದೂರು ಇದು. ಅಲ್ಲಿನ ಮೋಟಾರ್‌ಸೈಕಲ್ ಉದ್ಯಮದ ಮಂಡಳಿಯ ಸಮೀಕ್ಷೆ ನೋಡಿದರೆ, ಬೈಕ್ ಮಾಲೀಕರ ಮಧ್ಯಾಂಕ ವಯಸ್ಸು (ಅರ್ಧ ಮಂದಿ ಅದಕ್ಕಿಂತ ಕಿರಿಯರು, ಅರ್ಧ ಮಂದಿ ಹಿರಿಯರು) 1990ರಲ್ಲಿ 32 ಇತ್ತು, 2018ಕ್ಕೆ 50 ಆಯಿತು. 1990ರಲ್ಲಿ ಇಡೀ ದೇಶದ ಮಧ್ಯಾಂಕವೂ ಸುಮಾರು 33. ಆಗ ಸವಾರರೂ ದೇಶವೂ ಒಂದೇ ವಯಸ್ಸಿನವರು. 2018ರಲ್ಲಿ ದೇಶಕ್ಕೆ 38, ಸವಾರರಿಗೆ 50. ಈಗ ಚೂರು ಕೂಡಿ ಕಳೆಯಿರಿ. ಹೊಸಬರು ಒಬ್ಬರೂ ಬರದೆ, ಹಳಬರು ಒಬ್ಬರೂ ಇಳಿಯದೆ ಇದ್ದಿದ್ದರೆ ಆ 28 ವರ್ಷಗಳಲ್ಲಿ ಮಧ್ಯಾಂಕ 28ರಷ್ಟೇ ಏರಬೇಕಿತ್ತು. ಏರಿದ್ದು 18. ಹುಡುಗರು ಬರುತ್ತಲೇ ಇದ್ದಾರೆ. ಎರಡನೇ ಮಹಾಯುದ್ಧದ ಬಳಿಕ ಹುಟ್ಟಿದ ಆ ಭಾರೀ ಪೀಳಿಗೆಯ ತೂಕಕ್ಕೆ ಸಾಟಿಯಾಗುವಷ್ಟು ಬರುತ್ತಿಲ್ಲ, ಅಷ್ಟೆ.

ಆ ಪೀಳಿಗೆ ಬೈಕ್ ಹತ್ತಿದ್ದಾದರೂ ಹೇಗೆ? ಎದೆಗಾರಿಕೆಯಿಂದಲ್ಲ, ಅಗ್ಗದ ಗಾಡಿಯಿಂದ. 1959ರಲ್ಲಿ ಲಾಸ್ ಏಂಜಲೀಸ್‌ಗೆ ಬಂದಿಳಿದ ಹೋಂಡಾ ಕಂಪನಿ 50 ಸಿಸಿಯ ಪುಟ್ಟ ಬೈಕು ಮಾರಿತು. ಕಾಲೇಜು ಹುಡುಗನ ಕೈಗೆಟುಕುವ ಮೊದಲ ಮೆಟ್ಟಿಲು ಅದು. ಗಿರಾಕಿಗೆ ವಯಸ್ಸಾಗಿ ಕೈಯಲ್ಲಿ ಕಾಸು ಓಡಾಡತೊಡಗಿದಂತೆ ಬೈಕೂ ದೊಡ್ಡದಾಯಿತು, ಬೆಲೆಯೂ ಏರಿತು. 1983ರಲ್ಲಿ ಸೊರಗುತ್ತಿದ್ದ ಹಾರ್ಲೆಯನ್ನು ಉಳಿಸಲು ರೇಗನ್ ಸರ್ಕಾರ 700 ಸಿಸಿ ಮೀರಿದ ಆಮದು ಬೈಕುಗಳ ಸುಂಕವನ್ನು ಶೇ 4.4ರಿಂದ ಶೇ 49.4ಕ್ಕೆ ಏರಿಸಿತು. ಹಾರ್ಲೆ ಚೇತರಿಸಿಕೊಂಡಿತು, 2006ರಲ್ಲಿ ಸುಮಾರು 3.49 ಲಕ್ಷ ಬೈಕುಗಳನ್ನು ಮಾರುಕಟ್ಟೆಗೆ ಕಳಿಸಿತು. ಎರಡೇ ವರ್ಷಕ್ಕೆ ಆರ್ಥಿಕ ಕುಸಿತ. ಅಮೆರಿಕನ್ನರಿಗೆ ಬೈಕು ಆಫೀಸಿಗೆ ಹೋಗುವ ಗಾಡಿಯಲ್ಲ, ವಾರಾಂತ್ಯದ ಶೋಕಿ. ಮನೆಸಾಲ, ಕಾಲೇಜುಸಾಲದ ಕಂತು ಕಟ್ಟುವಾಗ ಮೊದಲು ಕತ್ತರಿ ಬೀಳುವುದು ಶೋಕಿಗೇ ತಾನೆ? ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಮರೆತು ಕೂತ ಉದ್ಯಮ, ಹುಡುಗರು ಹತ್ತುತ್ತಿಲ್ಲ ಎಂದು ಗೊಣಗುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಹುಡುಗರು ಬೈಕಿಗೆ ಮಾತ್ರ ಬೆನ್ನು ತೋರಿಸಿದರು ಎಂಬುದೂ ಸುಳ್ಳು. 1983ರಲ್ಲಿ ಅಲ್ಲಿನ 16ರ ವಯಸ್ಸಿನವರಲ್ಲಿ ಶೇ 46ರಷ್ಟು ಮಂದಿಗೆ ಡ್ರೈವಿಂಗ್ ಲೈಸೆನ್ಸ್ ಇತ್ತು. 2014ರ ಹೊತ್ತಿಗೆ ಅದು ಶೇ 25ಕ್ಕಿಂತ ಕೆಳಗಿಳಿದಿತ್ತು. ಕಾರೇ ಬೇಡವೆಂದವರು ಬೈಕು ಕೇಳುತ್ತಾರೆಯೇ? ಇನ್ನು “ಇದು ಗಂಡಸರ ಆಟ” ಎನ್ನುವವರಿಗೆ ಒಂದೇ ಅಂಕಿ ಸಾಕು: 2018ರ ಅದೇ ಸಮೀಕ್ಷೆಯಲ್ಲಿ ಮಾಲೀಕರ ಪೈಕಿ ಶೇ 19 ಮಂದಿ ಹೆಂಗಸರು.

ಜಪಾನಿನಲ್ಲಂತೂ ಹಿರಿಯರೇ ಬಾಗಿಲು ಹಾಕಿದರು. ಲೈಸೆನ್ಸ್ ಪಡೆಯಬೇಡಿ, ಬೈಕ್ ಕೊಳ್ಳಬೇಡಿ, ಓಡಿಸಬೇಡಿ ಎಂಬ ‘ಮೂರು ಬೇಡ’ಗಳ ಚಳವಳಿಯನ್ನು 1980ರ ದಶಕದಲ್ಲಿ ಹೈಸ್ಕೂಲು ಪೋಷಕರ ಸಂಘಗಳು ದೇಶದಾದ್ಯಂತ ಹಬ್ಬಿಸಿದವು. ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ ಹುಟ್ಟಿದ ನಾಡಿನಲ್ಲಿ ಇಂದು ಹೊಸ ಬೈಕ್ ಕೊಳ್ಳುವವರ ಸರಾಸರಿ ವಯಸ್ಸು 50 ದಾಟಿದೆ.

“ತಲೆ ನೆರೆತ ಸವಾರ ಅನುಭವಿ, ಅವನಿಗೆ ಅಪಾಯವಿಲ್ಲ” ಎಂಬ ನಂಬಿಕೆಯೂ ಇದೆ. ಅಮೆರಿಕದಲ್ಲಿ 1975ರಲ್ಲಿ ಅಪಘಾತದಲ್ಲಿ ಸತ್ತ ಸವಾರರಲ್ಲಿ 50 ದಾಟಿದವರು ಶೇ 3 ಮಾತ್ರ. ಈಚಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರು. ರಸ್ತೆಯ ಮೇಲೆ ಹಿರಿಯರ ಸಂಖ್ಯೆಯೇ ಹೆಚ್ಚಿರುವುದು ಇದಕ್ಕೆ ಮುಖ್ಯ ಕಾರಣ, ಒಪ್ಪೋಣ. ಆದರೆ ಇಪ್ಪತ್ತು ವರ್ಷ ಬಿಟ್ಟು ಮತ್ತೆ ಹ್ಯಾಂಡಲ್ ಹಿಡಿದವನ ಕಣ್ಣು, ಮೊಣಕಾಲು, ಮೂಳೆ ಹಳೆಯವಲ್ಲವೇ?

ಹಾಗಾದರೆ ಬೈಕಿನ ಕಾಲ ಮುಗಿಯಿತೇ? ಬೆಳಗ್ಗೆ ಒಂಬತ್ತಕ್ಕೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರು ಈ ಪ್ರಶ್ನೆ ಕೇಳಲಾರರು. 2024-25ರಲ್ಲಿ ಭಾರತದಲ್ಲಿ ಮಾರಾಟವಾದ ದ್ವಿಚಕ್ರ ವಾಹನಗಳು ಸುಮಾರು 1.96 ಕೋಟಿ. ನಮ್ಮಲ್ಲೂ ಹಳೆಯ ಜಾವಾ, ಯೆಜ್ಡಿ ಪ್ರಿಯರು ಸೇರುವ ಕಡೆ ನರೆತ ತಲೆಗಳು ಬೇಕಾದಷ್ಟಿವೆ. ಅದಕ್ಕೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತೆಂಬುದು ಕಾರಣವೇ ಹೊರತು ಹುಡುಗರ ಅಸಡ್ಡೆಯಲ್ಲ. ಏಣಿಗೆ ಕೆಳಗಿನ ಮೆಟ್ಟಿಲು ಬೇಕೆಂಬುದು ಹಾರ್ಲೆ ಕಂಪನಿಗೂ ಹೊಳೆಯದೆ ಇರಲಿಲ್ಲ. 2023ರಲ್ಲಿ ಹೀರೊ ಜತೆ ಸೇರಿ 440 ಸಿಸಿಯ ಒಂದು ಬೈಕು ಬಿಟ್ಟಿತು. ಆಗಿನ ಆರಂಭಿಕ ಬೆಲೆ 2.29 ಲಕ್ಷ ರೂಪಾಯಿ. ಬಿಟ್ಟದ್ದು ಅಮೆರಿಕದಲ್ಲಲ್ಲ, ಇಲ್ಲಿ.