ಗೊರಕೆಯೂ ದಂತವೈದ್ಯನೂ

ಗೊರಕೆಯನ್ನು ಸುಖನಿದ್ರೆಯ ಲಕ್ಷಣವೆಂದು ಭಾವಿಸುವುದು ನಮ್ಮಲ್ಲಿ ರೂಢಿ. ಗೊರಕೆ ಹೊಡೆಯುವವನನ್ನು ಕುಂಭಕರ್ಣನಿಗೆ ಹೋಲಿಸಿ ನಗುತ್ತೇವೆ. ಅವನ ನಿದ್ರೆಯನ್ನು ಕಂಡು ಕರುಬುವುದೂ ಉಂಟು. ಆದರೆ ಆ ಗೊರಕೆಯು ಏರುತ್ತ ಹೋಗಿ, ಥಟ್ಟನೆ ನಿಂತು, ಕೆಲವು ಕ್ಷಣ ನಿಶ್ಶಬ್ದವಾಗಿದ್ದು, ಅನಂತರ ಮುಳುಗಿದವನು ನೀರಿನಿಂದ ತಲೆಯೆತ್ತಿದಂತೆ ದೊಡ್ಡ ಉಸಿರಿನೊಡನೆ ಮತ್ತೆ ತೊಡಗುವುದಾದರೆ, ಅದು ನಗತಕ್ಕ ವಿಷಯವಲ್ಲ. ಆ ನಿಶ್ಶಬ್ದದಲ್ಲಿ ಮಲಗಿದವನಿಗೆ ಉಸಿರಾಟವೇ ನಿಂತಿರಬಹುದು. ವೈದ್ಯರು ಇದನ್ನು ಸ್ಲೀಪ್ ಆಪ್ನಿಯ ಎನ್ನುತ್ತಾರೆ; ನಾವು ನಿದ್ರಾಶ್ವಾಸರೋಧವೆಂದು ಕರೆಯೋಣ.

ಇದು ಹೇಗೆ ಸಂಭವಿಸುತ್ತದೆ? ಕತ್ತಿನೊಳಗಿನ ಶ್ವಾಸನಾಳವು ಮೃದ್ವಸ್ಥಿಯ ಬಳೆಗಳಿಂದ ರಚಿತವಾಗಿರುವುದರಿಂದ ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ. ಅದರ ಮೇಲಿರುವ ಗಂಟಲಿಗೆ ಇಂಥ ಆಸರೆಯಿಲ್ಲ. ಅದನ್ನು ತೆರೆದಿಟ್ಟಿರುವುವು ಸ್ನಾಯುಗಳು. ನಿದ್ರೆಯಲ್ಲಿ ಈ ಸ್ನಾಯುಗಳು ಸಡಿಲವಾಗುತ್ತವೆ. ಅಂಗಾತ ಮಲಗಿದಾಗ ನಾಲಗೆಯ ಬುಡವು ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದರೆ ಗೊರಕೆ. ಪೂರ್ತಿ ಮುಚ್ಚಿದರೆ ಶ್ವಾಸರೋಧ. ಎದೆಯು ಗಾಳಿಯನ್ನು ಸೆಳೆಯಲು ಹೆಣಗಿದಷ್ಟೂ, ಬಲವಾಗಿ ಹೀರಿದ ಮೆತ್ತನೆಯ ರಬ್ಬರು ನಳಿಗೆಯಂತೆ, ಗಂಟಲಿನ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಕ್ತದಲ್ಲಿ ಆಮ್ಲಜನಕವು ಇಳಿಯುತ್ತದೆ. ಮೆದುಳು ಗಾಬರಿಗೊಂಡು ಒಂದು ಕ್ಷಣ ಎಚ್ಚರಾಗುತ್ತದೆ. ಸ್ನಾಯುಗಳು ಬಿಗಿದು ದಾರಿ ತೆರೆಯುತ್ತದೆ. ಮರುಕ್ಷಣವೇ ನಿದ್ರೆ. ಬೆಳಗಾದ ಮೇಲೆ ಆತನಿಗೆ ಇದಾವುದರ ನೆನಪೂ ಇರುವುದಿಲ್ಲ.

ಉಸಿರು ಕನಿಷ್ಠ ೧೦ ಸೆಕೆಂಡುಗಳ ಕಾಲ ನಿಂತರೆ ಅಥವಾ ಬಹಳ ಕುಗ್ಗಿದರೆ ಅದನ್ನು ಒಂದು ಸಲವೆಂದು ಎಣಿಸುತ್ತಾರೆ. ವಯಸ್ಕರಲ್ಲಿ ಗಂಟೆಗೆ ೫ರಿಂದ ೧೫ ಸಲವಾದರೆ ರೋಗವು ಸೌಮ್ಯ, ೩೦ರವರೆಗೆ ಮಧ್ಯಮ, ಅದನ್ನು ಮೀರಿದರೆ ತೀವ್ರ. ಗಂಟೆಗೆ ೩೦ ಎಂದರೆ ಎರಡು ನಿಮಿಷಕ್ಕೊಮ್ಮೆ! ಇಂಥವನು ಎಂಟು ಗಂಟೆ ಮಲಗಿದರೂ ನಿದ್ರಿಸಿದಂತಾಗುವುದಿಲ್ಲ. ಹಗಲೆಲ್ಲ ತೂಕಡಿಕೆ, ಬೆಳಗ್ಗೆ ತಲೆನೋವು, ಕ್ರಮೇಣ ರಕ್ತದ ಒತ್ತಡ. ಅವನು ಲಾರಿ ನಡೆಸುವವನಾದರೆ ಅಪಾಯವು ಅವನೊಬ್ಬನದಲ್ಲ. ಸುತ್ತಲಿನವರು ಅವನಿಗೆ ಕೊಡುವ ಬಿರುದು ಮಾತ್ರ ‘ಸೋಮಾರಿ’.

ಆಂಗ್ಲ ಕಾದಂಬರಿಕಾರ ಡಿಕನ್ಸನು ೧೮೩೬–೩೭ರಲ್ಲಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಸದಾ ತೂಕಡಿಸುವ ಜೋ ಎಂಬ ದಪ್ಪ ಹುಡುಗನೊಬ್ಬನಿದ್ದಾನೆ. ೧೯೫೬ರಲ್ಲಿ ಅಮೆರಿಕದ ವೈದ್ಯರು ಇಂಥ ಲಕ್ಷಣಗಳುಳ್ಳ ಸ್ಥೂಲಕಾಯದ ರೋಗಿಯೊಬ್ಬನನ್ನು ವರ್ಣಿಸುವಾಗ ಆ ಕಾದಂಬರಿಯ ಹೆಸರನ್ನೇ ರೋಗಕ್ಕೆ ಇಟ್ಟರು. ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವುದನ್ನು ೧೯೬೫ರಲ್ಲಿ ಫ್ರಾನ್ಸಿನ ಗಾಸ್ತೋ ಮತ್ತು ಸಂಗಡಿಗರೂ ಜರ್ಮನಿಯ ಯುಂಗ್ ಮತ್ತು ಕೂಲೋ ಅವರೂ ಯಂತ್ರಗಳಿಂದ ದಾಖಲಿಸಿದರು. ೧೯೮೧ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ ಗಂಟಲನ್ನು ತೆರೆದಿಡುವ ಉಪಾಯವನ್ನು ಪ್ರಕಟಿಸಿದರು. ತೀವ್ರರೋಗಕ್ಕೆ ಇಂದಿಗೂ ಅದೇ ಮೊದಲ ಚಿಕಿತ್ಸೆ. ಆದರೆ ಪ್ರತಿರಾತ್ರಿ ಮೊಗಕ್ಕೆ ಮುಸುಕು ಕಟ್ಟಿ ಮಲಗಲು ಎಲ್ಲರಿಂದಲೂ ಆಗುವುದಿಲ್ಲ.

ದಂತವೈದ್ಯನ ಪ್ರವೇಶವಾಗುವುದು ಇಲ್ಲಿಯೇ. ಹಲ್ಲಿಗೂ ಉಸಿರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾಲಗೆಯ ಮುಖ್ಯ ಸ್ನಾಯುವೊಂದು ಗಲ್ಲದ ಮೂಳೆಯ ಒಳಬದಿಗೆ ಬಿಗಿದುಕೊಂಡಿದೆ. ಕೆಳದವಡೆಯನ್ನು ಮುಂದಕ್ಕೆ ತಂದರೆ ನಾಲಗೆಯೂ ಅದರೊಡನೆ ಮುಂದಕ್ಕೆ ಬರಲೇಬೇಕು. ಈಗಲೇ ಪರೀಕ್ಷಿಸಿ ನೋಡಬಹುದು: ಸುಮ್ಮನೆ ಗೊರಕೆಯ ಸದ್ದು ಮಾಡಿ, ಬಳಿಕ ಕೆಳಗಿನ ಹಲ್ಲುಗಳನ್ನು ಮೇಲಿನವುಗಳಿಗಿಂತ ಮುಂದಕ್ಕೆ ಚಾಚಿ ಅದೇ ಸದ್ದಿಗೆ ಯತ್ನಿಸಿ. ಸಾಮಾನ್ಯವಾಗಿ ಅದು ಕಷ್ಟವಾಗುತ್ತದೆ. ಎಚ್ಚರದಪ್ಪಿದ ರೋಗಿಯ ದವಡೆಯನ್ನು ವೈದ್ಯರು ಮುಂದಕ್ಕೆ ಎತ್ತಿ ಹಿಡಿಯುವುದೂ ಈ ತತ್ತ್ವದಿಂದಲೇ. ಫ್ರಾನ್ಸಿನ ಪಿಯೇರ್ ರೋಬಿನ್ ೧೯೦೨ರಷ್ಟು ಹಿಂದೆಯೇ ಕೆಳದವಡೆಯನ್ನು ಮುಂದಕ್ಕೆ ತರುವ ಒಂದು ಉಪಕರಣವನ್ನು ರಚಿಸಿದ್ದನು.

ಈಗಿನ ಉಪಕರಣದಲ್ಲಿ ಎರಡು ಕವಚಗಳು, ಮೇಲಿನ ಸಾಲಿಗೊಂದು, ಕೆಳಗಿನದಕ್ಕೊಂದು. ದಂತವೈದ್ಯನು ಹಲ್ಲುಗಳ ಅಚ್ಚು ತೆಗೆದು, ಕೆಳದವಡೆಯು ಸ್ವಲ್ಪ ಮುಂದಿರುವಂತೆ ಅವೆರಡನ್ನೂ ಜೋಡಿಸುತ್ತಾನೆ. ದವಡೆಯು ಚಾಚಬಲ್ಲ ಗರಿಷ್ಠ ದೂರದ ಅರ್ಧದಿಂದ ಮುಕ್ಕಾಲು ಭಾಗದವರೆಗೆ ತರುವುದು ವಾಡಿಕೆ. ಅದೂ ಒಂದೇ ದಿನದಲ್ಲಲ್ಲ. ವಾರಗಟ್ಟಲೆ ಕಾದು, ಮಿಲಿಮೀಟರಿನ ಲೆಕ್ಕದಲ್ಲಿ. ಕೊನೆಗೆ ಉಪಕರಣವನ್ನು ಧರಿಸಿಯೇ ಮತ್ತೊಮ್ಮೆ ನಿದ್ರಾಪರೀಕ್ಷೆ ಮಾಡಿಸಬೇಕು. ಗೊರಕೆ ನಿಂತಿತೆಂದ ಮಾತ್ರಕ್ಕೆ ರೋಗವು ನಿಂತಿತೆನ್ನಲಾಗದು. ಸದ್ದಡಗಿದರೂ ಶ್ವಾಸರೋಧ ಉಳಿದಿರಬಹುದು. ಅಂಗಡಿಯಲ್ಲಿ ದೊರೆಯುವ, ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಅಗ್ಗದ ಕವಚಗಳನ್ನು ಸ್ವತಃ ಕೊಂಡು ಧರಿಸುವುದನ್ನು ನಾವು ಒಪ್ಪಲಾರೆವು.

ಈ ಚಿಕಿತ್ಸೆಯು ಮುಖ್ಯವಾಗಿ ಸೌಮ್ಯ ಹಾಗೂ ಮಧ್ಯಮ ರೋಗಿಗಳಿಗೆ, ಮತ್ತು ಗಾಳಿಯಂತ್ರವನ್ನು ಸಹಿಸಲಾರದವರಿಗೆ. ಉಪಕರಣವು ಹಿಡಿದುಕೊಳ್ಳುವಷ್ಟು ಗಟ್ಟಿ ಹಲ್ಲುಗಳು ಬೇಕು. ಮೆದುಳೇ ಉಸಿರಾಟದ ಆಜ್ಞೆಯನ್ನು ಕಳುಹಿಸದ ಇನ್ನೊಂದು ಬಗೆಯ ಶ್ವಾಸರೋಧಕ್ಕೆ ಇದು ಮದ್ದಲ್ಲ. ಮಕ್ಕಳಲ್ಲಿ ಊದಿಕೊಂಡ ಟಾನ್ಸಿಲುಗಳೇ ಹಲವು ವೇಳೆ ಕಾರಣವಾದುದರಿಂದ ಅವರ ಚಿಕಿತ್ಸೆಯೇ ಬೇರೆ. ಮೊದಮೊದಲು ಜೊಲ್ಲು ಸುರಿಯುವುದು, ದವಡೆಯ ಕೀಲಿನಲ್ಲಿ ನೋವು ಸಾಮಾನ್ಯ. ವರ್ಷಗಳು ಕಳೆದಂತೆ ಹಲ್ಲುಗಳು ಸ್ವಲ್ಪ ಸರಿಯುವುದೂ ಉಂಟು. ರೋಗವನ್ನು ನಿರ್ಣಯಿಸುವುದು ವೈದ್ಯನ ಕೆಲಸ. ಆದರೆ ಚಿಕ್ಕ ದವಡೆ, ಸವೆದ ಹಲ್ಲು, ಅಂಚಿನಲ್ಲಿ ಹಲ್ಲಿನ ಗುರುತು ಮೂಡಿದ ದೊಡ್ಡ ನಾಲಗೆ, ಇವನ್ನು ಮೊದಲು ಕಾಣುವವನು ಹಲವು ಬಾರಿ ದಂತವೈದ್ಯನೇ. ಹುಳುಕು ಹಲ್ಲನ್ನು ತೋರಿಸಲು ಬಂದವನನ್ನು ಆತನು “ರಾತ್ರಿ ಗೊರಕೆ ಹೊಡೆಯುತ್ತೀರಾ?” ಎಂದು ಕೇಳಿದರೆ, ಅದು ಕುಚೋದ್ಯದ ಪ್ರಶ್ನೆಯಲ್ಲ.