ಕಿಟಕಿಗೆ ಅಡ್ಡ ನಿಂತ ದೋಣಿ

ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ನ್ಯೂಯಾರ್ಕಿಗೆ ಅಟ್ಲಾಂಟಿಕ್ ಸಾಗರವನ್ನು ದಾಟುವ ‘ಕ್ವೀನ್ ಮೇರಿ 2’ ಹಡಗಿನ ಎಂಟನೆಯ ಅಂತಸ್ತಿನಲ್ಲಿ ಬಾಲ್ಕನಿಯುಳ್ಳ ಅನೇಕ ಕೊಠಡಿಗಳಿವೆ. ಬಾಗಿಲು ತೆರೆದು ಹೊರಗೆ ನಿಂತವರಿಗೆ ಅಲ್ಲಿ ಮೊದಲು ಕಾಣುವುದು ಸಾಲಾಗಿ ತೂಗುಹಾಕಿರುವ ಜೀವರಕ್ಷಕ ದೋಣಿಗಳ ಬೆನ್ನು, ಕಡಲು ಅದರಾಚೆಗೆ. ಕೊಠಡಿ ಕಾದಿರಿಸುವ ಪಟ್ಟಿಯಲ್ಲಿ ಇಂಥವನ್ನು ‘ನೋಟಕ್ಕೆ ತಡೆಯುಳ್ಳವು’ ಎಂದು ಪ್ರತ್ಯೇಕವಾಗಿ ನಮೂದಿಸಿರುತ್ತಾರೆ, ದರವೂ ಕಡಿಮೆಯಿರುತ್ತದೆ. ಇದು ಒಂದು ಹಡಗಿನ ಮಾತಲ್ಲ. ದೊಡ್ಡ ವಿಹಾರನೌಕೆಗಳಲ್ಲಿ ಬಹುತೇಕ ಎಲ್ಲೆಡೆ ಇಂಥ ಕೊಠಡಿಗಳಿವೆ. ಕೆಲವದರಲ್ಲಿ ದೋಣಿ ಕಿಟಕಿಯನ್ನು ಪೂರ್ಣವಾಗಿ ಮುಚ್ಚುತ್ತದೆ, ಕೆಲವದರಲ್ಲಿ ದೋಣಿಯನ್ನು ಹಿಡಿದಿರುವ ಉಕ್ಕಿನ ತೋಳು ಮಾತ್ರ ಅಡ್ಡ ಬರುತ್ತದೆ, ಇನ್ನು ಕೆಲವದರಲ್ಲಿ ಎರಡು ದೋಣಿಗಳ ನಡುವಿನ ಸಂದಿನಲ್ಲಿ ಅಂಗೈಯಗಲದ ನೀರು ಹೊಳೆಯುತ್ತದೆ.

ನಿವೃತ್ತರಾದ ಮೇಲೆ ಮಕ್ಕಳೊಡನೆ ಸಮುದ್ರಯಾನಕ್ಕೆ ಹೊರಡುವ ಶ್ರಾವಕ ಕುಟುಂಬಗಳು ಈಗ ಅಪರೂಪವಲ್ಲ. ಕೊಠಡಿಯ ಆಯ್ಕೆಯ ಬಳಿ ಬಂದಾಗ ಮನೆಯಲ್ಲಿ ಮಾತು ನಿಲ್ಲುತ್ತದೆ. ‘ಅಷ್ಟು ದೂರ ಹೋಗಿ ದೋಣಿಯ ತಳ ನೋಡುತ್ತ ಕೂರಬೇಕೇ ಅಪ್ಪ’ ಎಂದು ಮಗಳು ಕೇಳುತ್ತಾಳೆ. ‘ಮಲಗುವುದಕ್ಕೆ ತಾನೇ ಕೋಣೆ’ ಎಂದು ತಂದೆ ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಜೈನಧರ್ಮದ ದೃಷ್ಟಿಯಿಂದ ನೋಡಿದರೆ ಈ ಸಣ್ಣ ಚರ್ಚೆಯೊಳಗೆ ಎರಡು ದೊಡ್ಡ ವಿಷಯಗಳು ಅಡಗಿವೆ: ಭೋಗಕ್ಕೆ ಹಾಕಿಕೊಳ್ಳುವ ಮಿತಿ ಒಂದು, ನೋಟವನ್ನು ನಿಜವಾಗಿ ತಡೆಯುವುದು ಯಾವುದು ಎಂಬುದು ಇನ್ನೊಂದು.

ಇದು ಶ್ರಾವಕರ ಪ್ರಶ್ನೆ ಮಾತ್ರ. ಪಾದಯಾತ್ರೆಯ ವ್ರತವುಳ್ಳ ಮುನಿಗಳು ಹಡಗನ್ನು ಏರುವುದಿಲ್ಲ. 1893ರಲ್ಲಿ ಚಿಕಾಗೊ ಸರ್ವಧರ್ಮ ಸಮ್ಮೇಳನದ ಆಹ್ವಾನ ಆಚಾರ್ಯ ವಿಜಯಾನಂದಸೂರಿಗಳಿಗೆ ಬಂದಾಗ ಅವರು ತಾವು ಹೋಗದೆ ಗೃಹಸ್ಥರಾದ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದ್ದು ಈ ಕಾರಣಕ್ಕೇ. ಗೃಹಸ್ಥನಿಗೆ ಯಾನ ನಿಷಿದ್ಧವಲ್ಲ, ಪ್ರಮಾಣ ಮಾತ್ರ ವಿಹಿತ.

ಆ ಪ್ರಮಾಣವನ್ನು ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗಪರಿಮಾಣ ಎಂಬ ಗುಣವ್ರತವಾಗಿ ವಿವರಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ, ಉದಾಹರಣೆಗೆ ಆಹಾರ. ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ, ಉದಾಹರಣೆಗೆ ವಸ್ತ್ರ. ಯಾವ ಯಾವ ವಸ್ತುಗಳಲ್ಲಿ ಮಿತಿ ಇಟ್ಟುಕೊಳ್ಳಬೇಕೆಂದು ಹೇಳುವಾಗ ಅವರು ಊಟ, ಸ್ನಾನ, ತಾಂಬೂಲ, ಆಭರಣ, ಸಂಗೀತ ಮುಂತಾದವುಗಳ ಜೊತೆಯಲ್ಲಿ ವಾಹನವನ್ನೂ ಶಯನವನ್ನೂ ಹೆಸರಿಸುತ್ತಾರೆ. ಹಡಗಿನ ಕೊಠಡಿ ವಾಹನವೂ ಹೌದು, ಶಯನವೂ ಹೌದು. ಅದರ ಕಿಟಕಿಯ ನೋಟವಂತೂ ದಿನವೂ ಮರಳಿ ಅನುಭವಿಸುವ ಉಪಭೋಗ. ಈ ತ್ಯಾಗಕ್ಕೆ ಎರಡು ಬಗೆಯಿದೆ. ಜೀವನಪರ್ಯಂತ ಮಾಡಿದರೆ ಅದು ಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು ಎಂದು ಕಾಲ ಗೊತ್ತುಮಾಡಿ ಮಾಡಿದರೆ ನಿಯಮ. ಏಳು ರಾತ್ರಿಗಳ ಒಂದು ಯಾನ ನಿಯಮಕ್ಕೆ ಹೇಳಿ ಮಾಡಿಸಿದ ಅವಧಿ.

ಆದರೆ ಮಿತಿಯನ್ನು ಯಾವಾಗ ಹಾಕಿಕೊಳ್ಳಬೇಕು? ಅಂತಸ್ತಿನ ನಕ್ಷೆ, ಬಣ್ಣದ ಚಿತ್ರಗಳು, ‘ಇನ್ನಿಷ್ಟು ಹಣ ಸೇರಿಸಿದರೆ ಇದಕ್ಕಿಂತ ಒಳ್ಳೆಯದು’ ಎಂಬ ಸಾಲುಗಳು ಕಣ್ಣೆದುರು ತೆರೆದುಕೊಂಡ ಮೇಲೆ ಹಾಕಿಕೊಳ್ಳುವ ಮಿತಿ ಉಳಿಯುವುದು ಕಷ್ಟ. ದಿಗ್ವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರ ಕ್ಷೇತ್ರವೃದ್ಧಿ ಎಂಬುದನ್ನೂ ಸ್ಮೃತ್ಯಂತರಾಧಾನ ಎಂಬುದನ್ನೂ ಒಟ್ಟಿಗೆ ಹೇಳುತ್ತದೆ. ಹಾಕಿಕೊಂಡ ಗಡಿಯನ್ನು ಹಿಗ್ಗಿಸುವುದು ಮೊದಲನೆಯದು, ಹಾಕಿಕೊಂಡ ಗಡಿಯನ್ನೇ ಮರೆಯುವುದು ಎರಡನೆಯದು. ಒಳಕೊಠಡಿಯಿಂದ ಕಿಟಕಿಗೆ, ಕಿಟಕಿಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ವಿಶಾಲ ಕೊಠಡಿಗೆ ಏರುತ್ತ ಹೋಗುವವರಿಗೆ ಇವೆರಡೂ ಏಕಕಾಲಕ್ಕೆ ಆಗುತ್ತವೆ. ಸೂತ್ರಕಾರರ ಮುಂದೆ ಇದ್ದದ್ದು ದಿಕ್ಕುಗಳ ಮಿತಿ. ಆದರೂ ಹಿಗ್ಗುವ ಮನಸ್ಸಿನ ರೀತಿ ಎರಡು ಕಡೆಯೂ ಒಂದೇ.

ಇನ್ನು ಅಡ್ಡ ನಿಂತ ಆ ದೋಣಿಯ ವಿಚಾರ. ಅದನ್ನು ಕೊರತೆಯ ಪಟ್ಟಿಯಲ್ಲಿ ಸೇರಿಸುವ ಮೊದಲು 1912ರ ಏಪ್ರಿಲ್ 14ರ ರಾತ್ರಿಯನ್ನು ನೆನೆಯಬೇಕು. ಹಿಮಗಡ್ಡೆಗೆ ತಾಗಿದ ‘ಟೈಟಾನಿಕ್’ ಹಡಗಿನಲ್ಲಿ ಸುಮಾರು 2,200 ಜನರಿದ್ದರು. ದೋಣಿಗಳು ಇದ್ದದ್ದು 20; ಅವೆಲ್ಲ ತುಂಬಿದರೂ ಹಿಡಿಸುತ್ತಿದ್ದದ್ದು 1,178 ಜನ. ಇದು ಕಾನೂನಿನ ಉಲ್ಲಂಘನೆಯೂ ಆಗಿರಲಿಲ್ಲ. ಅಂದಿನ ಬ್ರಿಟಿಷ್ ನಿಯಮ ದೋಣಿಗಳನ್ನು ಹಡಗಿನ ಟನ್ ಲೆಕ್ಕದ ಗಾತ್ರದ ಮೇಲೆ ಲೆಕ್ಕ ಹಾಕುತ್ತಿತ್ತು. ಹತ್ತು ಸಾವಿರ ಟನ್ನಿಗೆ ಮೇಲ್ಪಟ್ಟ ಹಡಗಿಗೆ 16 ದೋಣಿ ಸಾಕಿತ್ತು, ಟೈಟಾನಿಕ್ಕಿನ ಗಾತ್ರ 46 ಸಾವಿರ ಟನ್ನಿನಷ್ಟಿದ್ದರೂ. ದೋಣಿಗಳನ್ನು ಮುಂದೊಂದು ಗುಂಪು, ಹಿಂದೊಂದು ಗುಂಪು ಮಾಡಿ ನಿಲ್ಲಿಸಿದ್ದರು; ನಡುವಿನ ಉದ್ದನೆಯ ಜಾಗ ಅಡಾಡುವವರಿಗೆ ತೆರೆದಿತ್ತು, ಅಲ್ಲಿಂದ ಕಡಲು ತಡೆಯಿಲ್ಲದೆ ಕಾಣುತ್ತಿತ್ತು. ಮೊದಲು ನೀರಿಗಿಳಿದ ದೋಣಿಯಲ್ಲಿ 65 ಜನರಿಗೆ ಸ್ಥಳವಿದ್ದರೂ ಹತ್ತಿದವರು ಮೂವತ್ತರೊಳಗೆ. ಬೆಳಗಾಗುವಷ್ಟರಲ್ಲಿ ಸುಮಾರು 1,500 ಜೀವಗಳು ಹೋಗಿದ್ದವು. 1914ರಲ್ಲಿ ಲಂಡನ್ನಿನಲ್ಲಿ ರಾಷ್ಟ್ರಗಳು ಸೇರಿ ಸಮುದ್ರದಲ್ಲಿ ಜೀವರಕ್ಷಣೆಯ ಮೊದಲ ಒಪ್ಪಂದವನ್ನು ಮಾಡಿಕೊಂಡವು. ಅದರ ಇಂದಿನ ರೂಪದಂತೆ ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿ ಅಥವಾ ತೆಪ್ಪದಲ್ಲಿ ಸ್ಥಳವಿರಬೇಕು. ಹಡಗನ್ನು ತೊರೆಯುವ ಸೂಚನೆ ಬಂದ ಮೂವತ್ತು ನಿಮಿಷಗಳಲ್ಲಿ ಅವೆಲ್ಲ ಜನರೊಡನೆ ನೀರಿಗಿಳಿಯುವಂತಿರಬೇಕು. ಜನ ಬೇಗ ತಲುಪಬಹುದಾದ ಎತ್ತರದಲ್ಲಿ, ಹಡಗಿನ ಎರಡೂ ಪಕ್ಕಗಳಲ್ಲಿ ಸಾಲುಸಾಲಾಗಿ ದೋಣಿಗಳು ತೂಗುವುದು, ಒಂದಷ್ಟು ಕಿಟಕಿಗಳು ಮುಚ್ಚಿಹೋಗುವುದು ಇದರ ಫಲವೇ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯದಾನವನ್ನು ಜೈನಾಚಾರ್ಯರು ವಿಶೇಷವಾಗಿ ಕೊಂಡಾಡಿದ್ದಾರೆ. ಭಯಗೊಂಡ ಜೀವಕ್ಕೆ ರಕ್ಷೆಯಾಗುವುದು ಅದರ ತಿರುಳು. ಕಿಟಕಿಯ ಮುಂದೆ ತೂಗುವ ಆ ದೋಣಿ ಹಡಗಿನ ಸಾವಿರಾರು ಜನರಿಗೆ ಸಲ್ಲುವ ಅಭಯ; ಅದರ ಹಿಂದಿನ ಕೊಠಡಿಯಲ್ಲಿರುವವರು ತಮ್ಮ ಪಾಲಿನ ಒಂದಿಷ್ಟು ನೋಟವನ್ನು ಅದಕ್ಕಾಗಿ ಬಿಟ್ಟುಕೊಟ್ಟಿರುತ್ತಾರೆ. ಯಾರೋ ಒಬ್ಬರು ಅಲ್ಲಿರಲೇಬೇಕು ತಾನೇ.

ನೋಟಕ್ಕೆ ತಡೆ ಎಂಬ ಮಾತನ್ನು ಕೇಳಿದಾಗ ಜೈನಸಿದ್ಧಾಂತವನ್ನು ಬಲ್ಲವರಿಗೆ ಸಹಜವಾಗಿ ದರ್ಶನಾವರಣೀಯ ಕರ್ಮ ನೆನಪಾಗುತ್ತದೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಎಂಟು ಕರ್ಮಗಳಿಗೆ ಎಂಟು ಉಪಮೆಗಳನ್ನು ಕೊಟ್ಟಿದ್ದಾರೆ. ಜ್ಞಾನಾವರಣೀಯವು ಮುಚ್ಚಿದ ಬಟ್ಟೆಯಂತೆ, ದರ್ಶನಾವರಣೀಯವು ದ್ವಾರಪಾಲಕನಂತೆ. ಅರಸ ಒಳಗೇ ಇದ್ದಾನೆ. ಆದರೆ ಬಾಗಿಲಲ್ಲಿರುವವನು ಬಿಡದೆ ಆತನ ದರ್ಶನವಿಲ್ಲ. ಈ ಕರ್ಮದ ಭೇದಗಳು ಒಂಬತ್ತು. ಚಕ್ಷು, ಅಚಕ್ಷು, ಅವಧಿ, ಕೇವಲ ಎಂಬ ನಾಲ್ಕು ದರ್ಶನಗಳನ್ನು ಮರೆಮಾಡುವವು ನಾಲ್ಕು. ಉಳಿದ ಐದು ಯಾವುವು? ನಿದ್ರೆ, ನಿದ್ರಾನಿದ್ರೆ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಐದೂ ನಿದ್ರೆಯ ಬಗೆಗಳೇ! ದುಬಾರಿ ಬಾಲ್ಕನಿಗೆ ಹಣ ತೆತ್ತು ಮಧ್ಯಾಹ್ನದವರೆಗೂ ಮಲಗಿರುವ ಪ್ರಯಾಣಿಕರು ಪ್ರತಿ ಹಡಗಿನಲ್ಲೂ ಇರುತ್ತಾರೆ. ಅವರ ನೋಟಕ್ಕೆ ಅಡ್ಡ ಬಂದದ್ದು ದೋಣಿಯಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ದರ್ಶನಾವರಣೀಯ ತಡೆಯುವುದು ವಸ್ತುವಿನ ಸಾಮಾನ್ಯ ಅವಲೋಕನವನ್ನು. ಸಮ್ಯಗ್ದರ್ಶನಕ್ಕೆ, ಅಂದರೆ ತತ್ತ್ವಶ್ರದ್ಧೆಗೆ ಅಡ್ಡಿಯಾಗುವುದು ಮೋಹನೀಯದ ಒಂದು ಭೇದವಾದ ದರ್ಶನಮೋಹನೀಯ. ಅದಕ್ಕೆ ಉಪಮೆ ಮದ್ಯ. ಪದಸಾಮ್ಯದಿಂದ ಇವೆರಡನ್ನು ಒಂದೆಂದು ತಿಳಿಯಬಾರದು. ಕಣ್ಣಿಗೆ ಎಲ್ಲವೂ ಕಂಡೂ ಬೆಲೆ ತಿಳಿಯದಿರುವುದು ಎರಡನೆಯದರ ಕೆಲಸ. ಜ್ಞಾನ ಮತ್ತು ದರ್ಶನಗಳ ಆವರಣಕ್ಕೆ ಕಾರಣವಾಗುವ ಆಸ್ರವಗಳಲ್ಲಿ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ನಿಹ್ನವವನ್ನೂ ಹೇಳುತ್ತದೆ. ತಿಳಿದದ್ದನ್ನು ಮರೆಮಾಚುವುದು ಎಂದು ಅದರ ಅರ್ಥ. ಶಾಸ್ತ್ರದ ಸಂದರ್ಭ ತತ್ತ್ವಜ್ಞಾನದ್ದು. ಹಾಗಿದ್ದರೂ, ಕಿಟಕಿ ಮುಚ್ಚಿರುವುದು ಗೊತ್ತಿದ್ದೂ ಬಾಯಿ ಬಿಡದೆ ಕೊಠಡಿ ಮಾರುವ ದಲ್ಲಾಳಿ ಈ ಮಾತನ್ನು ಕೇಳಿಸಿಕೊಂಡರೆ ಒಳಿತು. ಸತ್ಯಾಣುವ್ರತವಂತೂ ಅವನಿಗೂ ಅನ್ವಯಿಸುತ್ತದೆ.

ತಡೆಯುಳ್ಳ ಕೊಠಡಿಯನ್ನು ಆರಿಸಿದ ಮಾತ್ರಕ್ಕೆ ವ್ರತ ಸಿದ್ಧಿಸಿತೆಂದು ತಿಳಿಯುವುದೂ ತಪ್ಪು. ಉಳಿದ ಹಣ ಹಡಗಿನ ಅಂಗಡಿಗಳಲ್ಲಿಯೇ ಕರಗಿದರೆ ಭೋಗ ಸ್ಥಳ ಬದಲಿಸಿತು, ಅಷ್ಟೆ. ಅಗ್ಗವೆಂದು ತೆಗೆದುಕೊಂಡು ಏಳು ದಿನವೂ ದೋಣಿಯನ್ನು ಶಪಿಸುತ್ತ ಕುಳಿತರೆ ಅದು ಅನಿಷ್ಟಸಂಯೋಗದಿಂದ ಹುಟ್ಟುವ ಆರ್ತಧ್ಯಾನ; ಪಕ್ಕದವರ ಬಾಲ್ಕನಿಯನ್ನು ಮುಂದಿನ ಬಾರಿಗಾದರೂ ಪಡೆಯಬೇಕೆಂದು ಹಂಬಲಿಸುತ್ತಿದ್ದರೆ ಅದು ನಿದಾನ. ಇಂಥ ಕೊಠಡಿಗಿಂತ, ಶಕ್ತಿಯಿದ್ದವರು ನಿರಾಳವಾಗಿ ಒಳ್ಳೆಯ ಕಿಟಕಿಯನ್ನು ಪಡೆದು ಸಮಾಧಾನದಿಂದಿರುವುದು ಲೇಸು. ಮುಚ್ಚಿದ ಜಾಗದಲ್ಲಿ ಉಸಿರುಗಟ್ಟಿದಂತಾಗುವ ವೃದ್ಧರಿಗೂ ರೋಗಿಗಳಿಗೂ ಬೆಳಕು ಭೋಗವಲ್ಲ, ಅಗತ್ಯ. ಅವರ ಮೇಲೆ ಮಿತಿಯ ಪಾಠವನ್ನು ಹೇರುವುದು ದಯೆಯೆನಿಸದು.

ಬಿಟ್ಟದ್ದರ ಕಡೆಗೆ ಮತ್ತೆ ತಿರುಗುವ ಕಣ್ಣಿನ ಬಗ್ಗೆ ಜಿನಾಗಮದಲ್ಲಿ ಒಂದು ಸಮುದ್ರಯಾನದ ಕಥೆಯೇ ಇದೆ. ಶ್ವೇತಾಂಬರ ಪರಂಪರೆಯ ಆರನೆಯ ಅಂಗವಾದ ‘ಜ್ಞಾತಾಧರ್ಮಕಥಾ’ದ ಒಂಬತ್ತನೆಯ ಅಧ್ಯಯನ ಅದು. ಚಂಪಾನಗರದ ಮಾಕಂದಿ ಎಂಬ ವರ್ತಕನಿಗೆ ಜಿನಪಾಲಿತ, ಜಿನರಕ್ಷಿತ ಎಂಬ ಇಬ್ಬರು ಮಕ್ಕಳು. ಹನ್ನೊಂದು ಬಾರಿ ಕಡಲೇರಿ ಲಾಭದೊಡನೆ ಮರಳಿದವರು ತಂದೆತಾಯಿಗಳು ಬೇಡವೆಂದರೂ ಹನ್ನೆರಡನೆಯ ಬಾರಿಗೆ ಹೊರಟರು. ಹಡಗು ಒಡೆಯಿತು. ಒಂದು ಹಲಗೆಯನ್ನು ಹಿಡಿದು ರತ್ನದ್ವೀಪ ಸೇರಿದ ಅವರನ್ನು ಅಲ್ಲಿಯ ದೇವಿ ಹೆದರಿಸಿ ತನ್ನ ಅರಮನೆಯಲ್ಲಿ ಇರಿಸಿಕೊಂಡಳು. ಒಮ್ಮೆ ಆಕೆ ಹೊರಗೆ ಹೋಗಬೇಕಾದಾಗ, ಬೇಸರವಾದರೆ ಪೂರ್ವ, ಉತ್ತರ, ಪಶ್ಚಿಮದ ಉಪವನಗಳಿಗೆ ಹೋಗಿರಿ, ದಕ್ಷಿಣದ ಕಡೆಗೆ ಮಾತ್ರ ಬೇಡ, ಅಲ್ಲಿ ಘೋರ ಸರ್ಪವಿದೆ ಎಂದಳು. ಮೂರು ವನಗಳ ಚೆಲುವಿನಲ್ಲಿ ಅವರಿಗೆ ನೆಮ್ಮದಿ ಸಿಗಲಿಲ್ಲ. ದಕ್ಷಿಣಕ್ಕೆ ಹೋಗಿ ನೋಡಿದರೆ ಮೂಳೆಗಳ ರಾಶಿ, ಶೂಲಕ್ಕೇರಿಸಿದ ಒಬ್ಬ ಮನುಷ್ಯ. ಅವನೂ ಹಿಂದೊಮ್ಮೆ ಹಡಗು ಒಡೆದು ಬಂದ ವರ್ತಕನೇ.

ಪಾರಾಗುವ ದಾರಿಯನ್ನು ಹೇಳಿಕೊಟ್ಟವನು ಆತನೇ. ಕುದುರೆಯ ರೂಪದ ಶೈಲಕ ಯಕ್ಷನು ಪೂರ್ವವನದಲ್ಲಿದ್ದಾನೆ, ಅವನನ್ನು ಮೊರೆಹೋಗಿರಿ ಎಂದನು. ಯಕ್ಷನು ಬೆನ್ನ ಮೇಲೆ ಹೊತ್ತು ಕಡಲು ದಾಟಿಸಲು ಒಪ್ಪಿದ. ದೇವಿ ಬೆನ್ನಟ್ಟಿ ಬಂದಾಗ ಅವಳ ಮಾತಿಗೆ ಮನಸೋಲಬಾರದು, ಸೋತರೆ ಬೆನ್ನಿನಿಂದ ಕೆಡವುವೆನೆಂಬುದು ಅವನ ನಿಬಂಧನೆ. ದೇವಿ ಬಂದಳು, ಬೆದರಿಸಿದಳು, ಫಲಿಸದಾಗ ಕೊಂಚ ಮೆತ್ತಗಿದ್ದ ಜಿನರಕ್ಷಿತನನ್ನು ಕುರಿತು ಮಧುರವಾಗಿ ಮಾತಾಡಿದಳು. ಅವನು ತಿರುಗಿ ನೋಡಿದ. ಯಕ್ಷ ಅವನನ್ನು ಕೆಡವಿದ, ದೇವಿ ಕೊಂದಳು. ಜಿನಪಾಲಿತ ಚಂಪೆಯನ್ನು ಸೇರಿದ, ಮುಂದೆ ಮಹಾವೀರಸ್ವಾಮಿಯ ಉಪದೇಶ ಕೇಳಿ ದೀಕ್ಷೆ ಪಡೆದ. ದ್ವೀಪದಲ್ಲಿ ಇಬ್ಬರಿಗೂ ಕಂಡದ್ದು ಒಂದೇ ವನ, ಒಂದೇ ಮೂಳೆರಾಶಿ ಎಂಬುದನ್ನು ಗಮನಿಸಬೇಕು.

ಸಮುದ್ರಯಾನದಲ್ಲಿ ವ್ರತ ನಡೆಸುವವರಿಗೆ ಕಿಟಕಿಗಿಂತ ಮುಖ್ಯವಾದ ಚಿಂತೆ ಊಟದ್ದು. ಗೆಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ ಬೇಕೆಂಬುದನ್ನು ಕೊಠಡಿ ಕಾದಿರಿಸುವಾಗಲೇ ಬರೆದು ತಿಳಿಸುವುದು ಕ್ಷೇಮ. ಹಡಗು ಬಂದರು ಬಿಟ್ಟ ಮೇಲೆ ಅಡುಗೆಯವರಿಗೂ ಸಾಮಗ್ರಿ ದೊರೆಯುವುದಿಲ್ಲ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರು ಗಡಿಯಾರವನ್ನಷ್ಟೇ ನಂಬಿದರೆ ಸಾಲದು. ಅಟ್ಲಾಂಟಿಕ್ಕಿನಲ್ಲಿ ಪಶ್ಚಿಮಕ್ಕೆ ಸಾಗುವ ಹಡಗು ಹಲವು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ಇಡುತ್ತದೆ. ಅಲಾಸ್ಕಾದ ಜೂನೋ ಪಟ್ಟಣದಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಆ ದಿನದ ಸೂರ್ಯಾಸ್ತದ ಸಮಯವನ್ನು ಹಡಗಿನ ದಿನಪತ್ರಿಕೆಯಲ್ಲಿ ಅಥವಾ ಸಿಬ್ಬಂದಿಯಲ್ಲಿ ಬೆಳಿಗ್ಗೆಯೇ ವಿಚಾರಿಸಿಟ್ಟುಕೊಳ್ಳಬೇಕು. ದೋಣಿಯ ಹಿಂದಿನ ಕೊಠಡಿಯವರು ಸಂಜೆ ಒಮ್ಮೆ ಮೇಲಿನ ತೆರೆದ ಅಂತಸ್ತಿಗೆ ಹತ್ತಿ ಹೋಗಿ ಹೊತ್ತು ಎಷ್ಟಿದೆ ಎಂದು ನೋಡಿ ಬರುವುದುಂಟು. ಅಲ್ಲಿಗೆ ಬೇರೆ ದರವಿಲ್ಲ.