ಆರ್ಗನ್ನಿಗೂ ಹಾರ್ಮೋನಿಯಂಗೂ ಒಂದೇ ಆರೈಕೆ

ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿಗೆ 1881ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಿಂದ ಒಂದು ಪೈಪ್ ಆರ್ಗನ್ ಬಂತು. ಕಟ್ಟಿದ್ದು ಪೀಟರ್ ಕೊನಾಕರ್ ಕಂಪನಿ. ದಂಡಿನಲ್ಲಿದ್ದ ಸ್ಕಾಟ್ಲೆಂಡಿನವರಿಗಾಗಿ 1866ರಲ್ಲಿ ಎದ್ದ ಚರ್ಚು ಅದು. ಚಳಿದೇಶದಲ್ಲಿ ಹದಗೊಂಡ ಮರ, ತೊಗಲು, ಲೋಹ ಇಲ್ಲಿನ ಬಿಸಿಲು ಮಳೆಗೆ ಒಗ್ಗಬೇಕಾಯಿತು. ಆರೈಕೆಯ ಕಷ್ಟವೆಲ್ಲ ಅಲ್ಲಿಂದಲೇ ಶುರು.

ಬೆಂಗಳೂರಿನಾಚೆ, ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ಪೈಪ್ ಆರ್ಗನ್ ಅಪರಿಚಿತ. ಆದರೆ ಅದರ ಚಿಕ್ಕ ಸಂಬಂಧಿಯನ್ನು ಅವರು ಚೆನ್ನಾಗಿ ಬಲ್ಲರು. ದೊಡ್ಡ ಆರ್ಗನ್ ಕೊಳ್ಳಲಾಗದ ಚರ್ಚುಗಳಿಗೂ ಮನೆಗಳಿಗೂ ಒದಗಿದ ಹಾರ್ಮೋನಿಯಂಗೆ 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಪೇಟೆಂಟ್ ಪಡೆದ. 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ್ ಘೋಷ್ ಅದನ್ನು ಕೈತಿದಿಯ ಪೆಟ್ಟಿಗೆಯಾಗಿಸಿದರು. ಇಂದು ಅದು ಹಳ್ಳಿಯ ಚರ್ಚಿನಲ್ಲೂ ಇದೆ, ಕುರುಕ್ಷೇತ್ರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಮುಂದೆಯೂ ಇದೆ.

ಆರ್ಗನ್ನಿನ ಪ್ರತಿ ಕೊಳವೆ ನುಡಿಯುವುದು ಒಂದೇ ಸ್ವರ. ತಿದಿ ತುಂಬಿದ ಗಾಳಿ ಪೆಟ್ಟಿಗೆಯೊಳಗೆ ಒತ್ತಡದಲ್ಲಿ ಕಾದಿರುತ್ತದೆ. ಹಳೆಯ ಬಗೆಯಲ್ಲಿ ಮನೆ (ಕೀ) ಒತ್ತಿದರೆ ತೆಳು ಮರದ ಕಡ್ಡಿಗಳು ಎಳೆದು ಕವಾಟ ತೆರೆಯುತ್ತವೆ. ಗಾಳಿ ಕೊಳಲಿಗೆ ಹೊಕ್ಕಂತೆ ಕೊಳವೆಯನ್ನು ಹೊಗುತ್ತದೆ. ಮಂದ್ರದ ಕೊಳವೆ 8 ಅಡಿ, ಕೆಲವು ಕಡೆ 16 ಅಡಿ ಉದ್ದ. ತಾರದ್ದು ಬೆರಳಿಗಿಂತ ಗಿಡ್ಡ.

ಮಳೆಗಾಲದಲ್ಲಿ ಮರ ಉಬ್ಬಿ ಕವಾಟ ಸರಿಯಾಗಿ ಮುಚ್ಚದಿದ್ದರೆ, ಬೆರಳು ತೆಗೆದ ಮೇಲೂ ಸ್ವರ ಕೂಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ತೊಗಲು ಒಣಗಿ ಬಿರಿದರೆ ಗಾಳಿ ಸೋರುತ್ತದೆ. ಗೆದ್ದಲು, ಇಲಿಗಳಂತೂ ಇದ್ದೇ ಇವೆ.

ಎಲ್ಲಕ್ಕಿಂತ ಕುತೂಹಲದ್ದು ಶ್ರುತಿಯ ಮಾತು. ಗಾಳಿ 20 ಡಿಗ್ರಿಯಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ. ಕೊಳವೆಯ ಶ್ರುತಿ ಸುಮಾರು ಶೇ 1.7 ಮೇಲೇರುತ್ತದೆ. ನಾಲಗೆಯಿರುವ ರೀಡ್ ಕೊಳವೆಗಳು ಅಷ್ಟು ಏರುವುದಿಲ್ಲ. ಬೆಳಗಿನ ಪೂಜೆಗೆ ಕೂಡಿದ್ದ ಎರಡು ಬಗೆಯ ಕೊಳವೆಗಳು ಮಧ್ಯಾಹ್ನಕ್ಕೆ ಬೇರೆಯಾಗಬಹುದು. ಆದ್ದರಿಂದ ಶ್ರುತಿ ಮಾಡುವವರು ಸಾಮಾನ್ಯವಾಗಿ ಹಾಡು ನಡೆಯುವ ಹೊತ್ತಿನ ತಾಪವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಇನ್ನು ಮಾರ್ಪಾಡು. ಕೈಯಿಂದ ತಿದಿ ಒತ್ತುತ್ತಿದ್ದ ಕಡೆ ವಿದ್ಯುತ್ ಬ್ಲೋವರ್ ಬಂದದ್ದು ಒಳ್ಳೆಯ ಬದಲಾವಣೆ. ಬೇಡವಾದರೆ ತೆಗೆಯಬಹುದು, ವಾದ್ಯದ ದನಿಗೆ ಧಕ್ಕೆಯಿಲ್ಲ. ತೊಗಲು ಹೊಸದಾಗಿಸುವುದೂ ತಪ್ಪಲ್ಲ, ಅದು ಸವೆಯಲೆಂದೇ ಇರುವ ಭಾಗ. ಕೊಳವೆಯ ಬಾಯಿ ಕತ್ತರಿಸಿ ದನಿ ಬದಲಿಸುವುದು ಮಾತ್ರ ಬೇರೆ ಸಂಗತಿ. ಕತ್ತರಿಸಿದ ಮೇಲೆ ಮೊದಲ ದನಿ ಮರಳಿ ತರುವುದು ಬಲು ಕಷ್ಟ. ಅಂಥ ಕೆಲಸಕ್ಕೆ ಆತುರಪಡುವವರ ಕೈಗೆ ಹಳೆಯ ವಾದ್ಯ ಕೊಡಬಾರದು.

ಇದೇ ಎಚ್ಚರ ಹಾರ್ಮೋನಿಯಂಗೂ ಬೇಕು. ಹಿತ್ತಾಳೆಯ ರೀಡಿನ ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ; ಹೆಚ್ಚು ಕೆರೆದ ರೀಡು ತೆಳುವಾಗಿ ಮುರಿಯುತ್ತದೆ. ಒಂದು ಮನೆ ನುಡಿಯದಿದ್ದರೆ ಮೊದಲು ರೀಡಿಗೆ ಸಿಕ್ಕ ಧೂಳು ನೋಡಬೇಕು, ಅರ ಆಮೇಲೆ. ನುಡಿಸುವ ಸಂದರ್ಭ ಬಾರದ ತಿಂಗಳಲ್ಲೂ ಪೆಟ್ಟಿಗೆ ಮುಚ್ಚಿಟ್ಟು ಮರೆಯದೆ ಆಗಾಗ ತಿದಿ ಆಡಿಸುತ್ತಿದ್ದರೆ ಅದರ ಮಡಿಕೆಗಳು ಗಟ್ಟಿಯಾಗಿ ಬಿರಿಯುವುದು ತಡವಾಗುತ್ತದೆ.